ಪಾಠ, ನೆರೆಹೊರೆಯ ಕೆಲಸ, ಇಂಟರ್ನ್‌ಶಿಪ್: ಮೂರನ್ನೂ ಕಾಟಾಚಾರವಾಗದಂತೆ ಜೋಡಿಸುವುದು ಹೇಗೆ?

ವಿದ್ಯಾರ್ಥಿಗಳ ಇಂಟರ್ನ್‌ಶಿಪ್ಪನ್ನು ವಿಶ್ವವಿದ್ಯಾಲಯದ ಸುತ್ತಲಿನ ಬಡಾವಣೆಗಳ ಕೆಲಸಕ್ಕೆ ಜೋಡಿಸಬೇಕೆಂದು ನಿಮ್ಮ ವಿಭಾಗ ತೀರ್ಮಾನಿಸಿದೆ, ಯೋಜನೆ ಬರೆಯುವ ಹೊಣೆ ನಿಮ್ಮ ಹೆಗಲೇರಿದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಇದೇ ಬಗೆಯ ಕೆಲಸದಲ್ಲಿ ನಾನೂ ಇದ್ದೇನೆ, ಆ ಸಲುಗೆಯಿಂದ ಹೇಳುತ್ತೇನೆ: ಬರೆಯುವುದನ್ನು ಸದ್ಯಕ್ಕೆ ಬದಿಗಿಡಿ. ಅಲ್ಲಿನ ಜನಕ್ಕೆ ಯಾವ ವಿಷಯ ತಿಳಿಯಬೇಕಾಗಿದೆ ಎಂಬುದನ್ನು ಮೊದಲು ಕೇಳಿಕೊಂಡು ಬನ್ನಿ.

ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ. ಪಠ್ಯಕ್ರಮ, ಕ್ರೆಡಿಟ್, ವೇಳಾಪಟ್ಟಿ ಎಲ್ಲ ತಯಾರಾದ ಮೇಲೆ ವಿದ್ಯಾರ್ಥಿಗಳನ್ನು ಎಲ್ಲಿಗೆ ಕಳುಹಿಸುವುದು ಎಂಬ ಹುಡುಕಾಟ ಶುರುವಾಗುತ್ತದೆ. ಆಗ ಪ್ರತಿವರ್ಷ ಅದೇ ಬೀದಿಗೆ ಅದೇ ಪ್ರಶ್ನಾವಳಿ ಹಿಡಿದ ಹೊಸ ಮುಖಗಳು ಬರುತ್ತವೆ. ಉತ್ತರ ಕೊಟ್ಟವರಿಗೆ ತಮ್ಮ ಉತ್ತರ ಎಲ್ಲಿಗೆ ಹೋಯಿತು ಎಂಬುದೇ ತಿಳಿಯುವುದಿಲ್ಲ. ಅವರು ಬಾಗಿಲು ಹಾಕಿಕೊಂಡರೆ ನಾನಂತೂ ಅವರ ಪಕ್ಷ.

ನೆದರ್ಲೆಂಡ್ಸ್‌ನ ವಿಶ್ವವಿದ್ಯಾಲಯಗಳು ಇದಕ್ಕೊಂದು ದಾರಿಯನ್ನು 1970ರ ದಶಕದಲ್ಲೇ ಕಂಡುಕೊಂಡವು. ಅಲ್ಲಿ 'ವಿಜ್ಞಾನದ ಅಂಗಡಿ' ಎಂಬ ಕಚೇರಿಗಳು ಹುಟ್ಟಿದವು. ಹಣ ಕೊಟ್ಟು ಸಂಶೋಧನೆ ಮಾಡಿಸುವ ಶಕ್ತಿಯಿಲ್ಲದ ನಿವಾಸಿಗಳ ಗುಂಪುಗಳು, ಪರಿಸರ ಸಂಘಟನೆಗಳು ತಮ್ಮ ಪ್ರಶ್ನೆಗಳನ್ನು ಅಲ್ಲಿಗೆ ತರುತ್ತವೆ. ತಂದ ಪ್ರಶ್ನೆ ಹೆಚ್ಚಾಗಿ ದೂರಿನ ರೂಪದಲ್ಲಿರುತ್ತದೆ. 'ರಸ್ತೆಯ ಗದ್ದಲದಿಂದ ನಿದ್ದೆಯಿಲ್ಲ' ಎನ್ನುವವರ ಜೊತೆ ಯಾರಾದರೂ ಕುಳಿತು, ಯಾವ ಹೊತ್ತಿನಲ್ಲಿ, ಯಾವ ಮನೆಗಳಲ್ಲಿ, ಎಷ್ಟು ಸದ್ದು ಎಂದು ಅಳೆಯಬಹುದಾದ, ಒಂದು ಸೆಮಿಸ್ಟರ್‌ನಲ್ಲಿ ಮುಗಿಯಬಹುದಾದ ಪ್ರಶ್ನೆಯನ್ನಾಗಿ ಅದನ್ನು ತಿದ್ದಬೇಕು. ಆಮೇಲೆ ಅದು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಯ ಪ್ರಬಂಧವೋ ಇಂಟರ್ನ್‌ಶಿಪ್ಪೋ ಆಗುತ್ತದೆ. ವಿದ್ಯಾರ್ಥಿಗೆ ಕ್ರೆಡಿಟ್ ಸಿಗುತ್ತದೆ, ಕೇಳಿದವರ ಕೈಗೆ ವರದಿ ಸೇರುತ್ತದೆ. ನಡುವೆ ಕುಳಿತು ತಿದ್ದುವ ಆ ವ್ಯಕ್ತಿಯೇ ಇಡೀ ವ್ಯವಸ್ಥೆಯ ಜೀವಾಳ. ನಿಮ್ಮ ಯೋಜನೆಯಲ್ಲಿ ಆ ಹುದ್ದೆಗೆ ಸಂಬಳ ಕಾಣಿಸದಿದ್ದರೆ, ಉಳಿದದ್ದು ಎಷ್ಟು ಚೆನ್ನಾಗಿದ್ದರೂ ನಾನು ನಂಬುವುದಿಲ್ಲ.

ಎರಡನೆಯ ತೊಡಕು ಸೆಮಿಸ್ಟರ್ ಎಂಬುದೇ. ವಿದ್ಯಾರ್ಥಿ ಬೀದಿಗಳ ಹೆಸರು ಕಲಿಯುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 1992ರಲ್ಲಿ ನೆರೆಹೊರೆಯ ಕೆಲಸಕ್ಕೆಂದೇ ಒಂದು ಕೇಂದ್ರ ತೆರೆದು, ತನ್ನ ನೆರೆಯ ಪಶ್ಚಿಮ ಫಿಲಡೆಲ್ಫಿಯಾದ ಶಾಲೆಗಳೊಂದಿಗೆ ದೀರ್ಘಕಾಲದ ನಂಟು ಬೆಳೆಸಿತು. ಅಲ್ಲಿನ ಮಾನವಶಾಸ್ತ್ರದ ಅಧ್ಯಾಪಕರೊಬ್ಬರು ಒಂದು ಕೋರ್ಸನ್ನೇ ಶಾಲಾಮಕ್ಕಳ ಪೌಷ್ಟಿಕತೆಯ ಸುತ್ತ ಮತ್ತೆ ಕಟ್ಟಿದರು. ಹೀಗೆ ಮಾಡಿದಾಗ ವಿದ್ಯಾರ್ಥಿಗಳು ಬದಲಾದರೂ ಪ್ರಶ್ನೆ ಅಲ್ಲೇ ಉಳಿಯುತ್ತದೆ, ಹಿಂದಿನ ತಂಡದ ಟಿಪ್ಪಣಿ ಮುಂದಿನ ತಂಡದ ಮೊದಲ ಪಾಠವಾಗುತ್ತದೆ. ಮುಂದುವರಿಕೆಯ ಭಾರ ಅಧ್ಯಾಪಕರದು, ಇಪ್ಪತ್ತು ವರ್ಷದ ಹುಡುಗ ಹುಡುಗಿಯರದಲ್ಲ.

ತರಗತಿಯನ್ನೂ ಮರೆಯಬೇಡಿ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ ಹರ್ಮನ್ ಷ್ನೈಡರ್ 1906ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸರದಿಯ ಮೇಲೆ ಕಾರ್ಖಾನೆಗೂ ತರಗತಿಗೂ ಕಳುಹಿಸುವ ಪದ್ಧತಿ ತಂದರು. ಆ ಸರದಿಯಲ್ಲೇ ಜಾಣತನವಿದೆ: ಹೊರಗೆ ಎಡವಿದ್ದನ್ನು ಮರೆಯುವ ಮೊದಲೇ ಒಳಗೆ ಬಂದು ಕೇಳಬಹುದು. ನೀವು ಎಲ್ಲ ಕೆಲಸವನ್ನೂ ರಜೆಗೆ ತಳ್ಳಿ, ಕೊನೆಯಲ್ಲಿ ದಪ್ಪ ವರದಿ ಕೇಳಿದರೆ ಈ ಲಾಭ ಕೈತಪ್ಪುತ್ತದೆ. 'ಇಂದು ಏನು ಮಾಡಿದೆ' ಎಂಬ ದಿನಚರಿಯಿಂದಲೂ ಪ್ರಯೋಜನ ಕಡಿಮೆ, ಅದನ್ನು ಕೊನೆಯ ರಾತ್ರಿ ಕುಳಿತು ಬರೆಯುತ್ತಾರೆ. ಪುಸ್ತಕದ ಯಾವ ಮಾತು ಬೀದಿಯಲ್ಲಿ ಸುಳ್ಳಾಯಿತು ಎಂದು ಕೇಳಿ ನೋಡಿ, ಚರ್ಚೆ ತಾನಾಗಿ ಬಿಸಿಯೇರುತ್ತದೆ.

ಒಪ್ಪಿಗೆ ಪತ್ರ, ವಿಮೆ, ಫೋಟೋ ತೆಗೆಯುವ ಮುನ್ನ ಅನುಮತಿ, ಇವು ಇರಲೇಬೇಕು, ಹೆಚ್ಚು ವಿವರಿಸುವುದಿಲ್ಲ. ಭತ್ಯೆಯ ಬಗ್ಗೆ ಮಾತ್ರ ಹಟ ಹಿಡಿಯಿರಿ. ಸಂಜೆ ದುಡಿದು ಶುಲ್ಕ ಕಟ್ಟುವವರು ಬಿಟ್ಟಿ ಇಂಟರ್ನ್‌ಶಿಪ್ಪಿಗೆ ಬರಲಾರರು. ನೆರೆಹೊರೆಯ ಬದುಕನ್ನು ಹತ್ತಿರದಿಂದ ಬಲ್ಲವರು ಅನೇಕ ಸಲ ಅವರೇ ಆಗಿರುತ್ತಾರೆ. ವಿದ್ಯಾರ್ಥಿಗಳಿಗೆ ಕೆಲಸ ಕಲಿಸುವ ಸಂಸ್ಥೆಯ ಸಿಬ್ಬಂದಿಯ ಸಮಯಕ್ಕೂ ಬೆಲೆಯಿದೆ. ಅವರಿಂದ ಹತ್ತು ಪುಟದ ಮೌಲ್ಯಮಾಪನ ನಮೂನೆ ತುಂಬಿಸಬೇಡಿ, ಫೋನಿನಲ್ಲಿ ಕಾಲು ಗಂಟೆ ಮಾತಾಡಿದರೆ ಸಾಕಷ್ಟು ತಿಳಿಯುತ್ತದೆ.

ಮೊದಲ ಸೆಮಿಸ್ಟರ್‌ಗೆ ಎರಡೋ ಮೂರೋ ಪ್ರಶ್ನೆ, ಹತ್ತು ವಿದ್ಯಾರ್ಥಿಗಳು ಸಾಕು. ಉಳಿದವರು ಮಾಮೂಲಿ ಇಂಟರ್ನ್‌ಶಿಪ್ ಮಾಡಲಿ. ಎಲ್ಲರಿಗೂ ಕಡ್ಡಾಯ ಮಾಡೋಣ ಎಂದು ಯಾರಾದರೂ ಉತ್ಸಾಹ ತೋರಿದರೆ, ಮೇಲ್ವಿಚಾರಣೆಗಾಗಿ ಎಷ್ಟು ಅಧ್ಯಾಪಕರ ಎಷ್ಟು ಗಂಟೆಗಳನ್ನು ಪಾಠದಿಂದ ಬಿಡಿಸಿಕೊಡುತ್ತೀರಿ ಎಂದು ಆ ಸಭೆಯಲ್ಲೇ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.