ಡಿಕ್ಷನರಿ ನೋಡಿದರೂ ಅರ್ಥ ಆಗದಿದ್ದರೆ?

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬಿ.ಎಸ್ಸಿ. ಮಾಡುತ್ತಿದ್ದೇನೆ. ಇಂಗ್ಲಿಷ್ ಪದದ ಅರ್ಥವನ್ನು ಇಂಗ್ಲಿಷ್‌ನಲ್ಲೇ ನೋಡಬೇಕು, ಕನ್ನಡದಲ್ಲಿ ಬರೆದುಕೊಳ್ಳಬಾರದು ಎಂದು ನಮ್ಮ ಮೇಷ್ಟ್ರು ಹೇಳುತ್ತಾರೆ. ಒಂದು ಪದ ಹುಡುಕಿದರೆ ಅದರ ವಿವರಣೆಯಲ್ಲೇ ಮತ್ತೆರಡು ಗೊತ್ತಿಲ್ಲದ ಪದ ಸಿಗುತ್ತವೆ. ಏನು ಮಾಡಲಿ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೊದಲು ನಿಮ್ಮ ಡಿಕ್ಷನರಿ ಬದಲಿಸಿ. ಇಂಗ್ಲಿಷ್ ಮನೆಮಾತಾಗಿರುವವರಿಗೆ ಬರೆದ ನಿಘಂಟು ಬೇರೆ, ಅದನ್ನು ಕಲಿಯುವವರಿಗೆ ಬರೆದ ನಿಘಂಟು ಬೇರೆ. ನಿಮಗೆ ಬೇಕಾದದ್ದು ಎರಡನೆಯದು. ಅದನ್ನು ಲರ್ನರ್ಸ್ ಡಿಕ್ಷನರಿ ಎನ್ನುತ್ತಾರೆ.

ನಿಮ್ಮ ಕಷ್ಟ ಬಹಳ ಹಳೆಯದು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಲಂಡನ್ನಿನಲ್ಲಿ ತಮ್ಮ ದೊಡ್ಡ ನಿಘಂಟನ್ನು ಹೊರತಂದರು. ಅದರಲ್ಲಿ ನೆಟ್‌ವರ್ಕ್ ಎಂಬ ಪದವನ್ನು ವಿವರಿಸಲು ಅವರು ಬಳಸಿದ್ದು ರೆಟಿಕ್ಯುಲೇಟೆಡ್, ಡೆಕಸೇಟೆಡ್, ಇಂಟರ್‌ಸ್ಟಿಸಸ್ ಎಂಬ ಪದಗಳನ್ನು. ನೆಟ್‌ವರ್ಕ್ ಗೊತ್ತಿಲ್ಲದವರಿಗೆ ಇವು ಗೊತ್ತಿರುತ್ತವೆಯೇ?

ಈ ಗಂಟನ್ನು ಬಿಡಿಸುವ ಕೆಲಸಕ್ಕೆ ನಮ್ಮ ಉಪಖಂಡದ ತರಗತಿಗಳೂ ಕಾರಣ. ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಕರು ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಕೆಲಸ ಮಾಡುತ್ತಿದ್ದರು. ಬಂಗಾಳಿ ಮಕ್ಕಳು ಇಂಗ್ಲಿಷ್ ಪುಸ್ತಕ ಓದಲು ಎಷ್ಟು ಒದ್ದಾಡುತ್ತಾರೆ ಎಂದು ಅವರು ಹತ್ತಿರದಿಂದ ಕಂಡಿದ್ದರು. 1935ರಲ್ಲಿ ಜೇಮ್ಸ್ ಎಂಡಿಕಾಟ್ ಜೊತೆ ಸೇರಿ ಒಂದು ನಿಘಂಟು ತಂದರು. ಅದರಲ್ಲಿ ಎಲ್ಲ ವಿವರಣೆಗಳನ್ನೂ ಕೇವಲ 1,490 ಸುಲಭ ಪದಗಳಲ್ಲಿ ಬರೆದರು. ಅಷ್ಟು ಕಲಿತವರು ಉಳಿದದ್ದನ್ನು ತಾವೇ ಓದಿಕೊಳ್ಳಬಹುದು. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಪದಗಳೊಂದಿಗೆ ಇದೇ ದಾರಿ ಹಿಡಿಯಿತು. ಲಾಂಗ್‌ಮನ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮೂವರ ಲರ್ನರ್ಸ್ ನಿಘಂಟುಗಳೂ ಈಗ ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ. ಸರ್ಚ್ ಮಾಡಿದಾಗ ಮೊದಲು ಕಾಣುವ ಅರ್ಥಕ್ಕೇ ನಿಲ್ಲಬೇಡಿ, ಇವುಗಳಲ್ಲಿ ಒಂದನ್ನು ತೆರೆಯಿರಿ.

ಇನ್ನು ಕನ್ನಡದ ವಿಷಯ. ನಿಮ್ಮ ಮೇಷ್ಟ್ರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕ್ಯುಮಿನ್ ಎಂದರೆ ಅಡುಗೆಗೆ ಬಳಸುವ ಒಂದು ಗಿಡದ ಬೀಜ ಎಂದು ಇಂಗ್ಲಿಷ್‌ನಲ್ಲಿ ಓದಿದರೆ ಏನು ತಿಳಿಯಿತು? ಸಾಸಿವೆಯೂ ಹಾಗೇ, ಮೆಂತ್ಯವೂ ಹಾಗೇ. ಜೀರಿಗೆ ಎಂದರೆ ಒಂದೇ ಮಾತಿನಲ್ಲಿ ಮುಗಿಯಿತು. ಗಿಡ, ಹಕ್ಕಿ, ಕಾಯಿಲೆ, ಅಡುಗೆ ಸಾಮಾನು, ಇವುಗಳಿಗೆಲ್ಲ ಧೈರ್ಯವಾಗಿ ಕನ್ನಡದಲ್ಲೇ ಅರ್ಥ ಬರೆದುಕೊಳ್ಳಿ.

ತೊಂದರೆ ಬರುವುದು ಬೇರೆ ಜಾತಿಯ ಪದಗಳಲ್ಲಿ. ಇವೆಂಚುಯಲಿ, ಅಟ್ ಲಾಸ್ಟ್, ಲಾಸ್ಟ್‌ಲಿ, ಈ ಮೂರಕ್ಕೂ 'ಕೊನೆಗೆ' ಎಂದು ಬರೆದುಕೊಂಡವರನ್ನು ನಾನು ಎಷ್ಟೋ ನೋಡಿದ್ದೇನೆ. ಪರೀಕ್ಷೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬರೆದು ಬರುತ್ತಾರೆ. ಲರ್ನರ್ಸ್ ನಿಘಂಟಿನ ವಿವರಣೆ ಓದಿ ನೋಡಿ. ಬಹಳ ಕಾಲದ ಮೇಲೆ, ಏನೇನೋ ಆದಮೇಲೆ ನಡೆದದ್ದು ಇವೆಂಚುಯಲಿ. ಕಾದು ಕಾದು ಸಾಕಾಗಿ, ಸದ್ಯ ಆಯಿತಲ್ಲ ಎನ್ನುವ ಸಮಾಧಾನ ಇದ್ದರೆ ಅಟ್ ಲಾಸ್ಟ್. ಮಾತು ಮುಗಿಸುವಾಗ ಹೇಳುವ ಕಡೆಯ ಅಂಶಕ್ಕೆ ಲಾಸ್ಟ್‌ಲಿ.

ಕನ್ನಡದಲ್ಲಿ ಈ ವ್ಯತ್ಯಾಸ ಇಲ್ಲ ಎಂದುಕೊಳ್ಳಬೇಡಿ. 'ಅಂತೂ ಬಸ್ಸು ಬಂತು' ಎನ್ನುವಾಗಿನ 'ಅಂತೂ' ಇದೆಯಲ್ಲ, ಅದೇ ಅಟ್ ಲಾಸ್ಟ್. 'ಕಡೆಯದಾಗಿ ಒಂದು ಮಾತು' ಎಂದರೆ ಲಾಸ್ಟ್‌ಲಿ. ಹಾಗಾಗಿ ನನ್ನ ಸಲಹೆ ಇಷ್ಟು: ವಿವರಣೆಯನ್ನು ಇಂಗ್ಲಿಷ್‌ನಲ್ಲಿ ಓದಿ, ಅದರ ಕೆಳಗಿನ ಉದಾಹರಣೆ ವಾಕ್ಯಗಳನ್ನೂ ಬಿಡದೆ ಓದಿ. ಆಮೇಲೆ, ನಮ್ಮ ಮನೆಯಲ್ಲಿ ಇಂಥ ಸಂದರ್ಭದಲ್ಲಿ ಏನನ್ನುತ್ತೇವೆ ಎಂದು ಯೋಚಿಸಿ ಆ ಕನ್ನಡವನ್ನು ಪಕ್ಕದಲ್ಲಿ ಬರೆಯಿರಿ. ಬೇರೆಯವರು ಕೊಟ್ಟ ಒಂದು ಪದಕ್ಕಿಂತ ನೀವೇ ಹುಡುಕಿಕೊಂಡ ಮಾತು ಜಾಸ್ತಿ ದಿನ ನೆನಪಿನಲ್ಲಿ ಇರುತ್ತದೆ.

ಪ್ರಶ್ನೆ: ಪದಗಳ ಅರ್ಥ ಗೊತ್ತಿದ್ದರೂ ವಾಕ್ಯ ತಪ್ಪುತ್ತದೆ. ಇಂಟರ್‌ವ್ಯೂನಲ್ಲಿ 'ಡಿಸ್ಕಸ್ ಅಬೌಟ್' ಎಂದಿದ್ದಕ್ಕೆ ತಿದ್ದಿದರು. ಇದು ಡಿಕ್ಷನರಿಯಲ್ಲಿ ಸಿಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸಿಗುತ್ತದೆ. ನಾವು ಆ ಜಾಗವನ್ನು ದಾಟಿಕೊಂಡು ಹೋಗುತ್ತೇವೆ, ಅಷ್ಟೇ. ಕನ್ನಡದಲ್ಲಿ ಒಂದು ವಿಷಯದ 'ಬಗ್ಗೆ' ಚರ್ಚಿಸುತ್ತೇವೆ. ಆ 'ಬಗ್ಗೆ' ಇಂಗ್ಲಿಷ್‌ನಲ್ಲಿ 'ಅಬೌಟ್' ಆಗಿ ನುಸುಳುತ್ತದೆ. ನಿಘಂಟಿನಲ್ಲಿ ಅರ್ಥದ ಪಕ್ಕ 'ಡಿಸ್ಕಸ್ ಸಮ್‌ಥಿಂಗ್' ಎಂಬಂಥ ಮಾದರಿ ಕೊಟ್ಟಿರುತ್ತಾರೆ. ನಡುವೆ ಏನೂ ಬೇಡ ಎಂದು ಅದು ಹೇಳುತ್ತಿದೆ. ಎಕ್ಸ್‌ಪ್ಲೇನ್ ಪದಕ್ಕೆ ಉಲ್ಟಾ: ಅಲ್ಲಿ 'ಎಕ್ಸ್‌ಪ್ಲೇನ್ ಮಿ' ನಡೆಯುವುದಿಲ್ಲ, 'ಟು ಮಿ' ಬೇಕು.

ಈ ಮಾದರಿಗಳ ಹಿಂದೆ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಅವರ ದೊಡ್ಡ ಶ್ರಮ ಇದೆ. ಕಲಿಯುವವರು ಅರ್ಥ ತಿಳಿದರೂ ಕ್ರಿಯಾಪದದ ಬಳಕೆಯಲ್ಲಿ ಎಡವುತ್ತಾರೆ ಎಂದು ಅವರು ಅರಿತಿದ್ದರು. ಅವರ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್ ಪ್ರಕಟಿಸಿತು. ಇವತ್ತು ಎಲ್ಲ ಲೈಬ್ರರಿಗಳಲ್ಲೂ ಕಾಣುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ.

ನಾಮಪದದ ಪಕ್ಕದ 'ಯು' ಅಕ್ಷರವನ್ನೂ ನೋಡಿ. ಎಣಿಸಲಾಗದ ಪದ, ಕೊನೆಗೆ 'ಎಸ್' ಸೇರಿಸಬಾರದು ಎಂದು ಅದರ ಅರ್ಥ. ನಮ್ಮೂರುಗಳ ಅಂಗಡಿ ಬೋರ್ಡಿನ 'ಫರ್ನಿಚರ್ಸ್' ತಪ್ಪಾಗುವುದು ಹೀಗೆ. ಅಡ್ವೈಸ್, ಇನ್ಫರ್ಮೇಶನ್, ಲಗೇಜ್ ಕೂಡ ಇದೇ ಗುಂಪು.

ಪ್ರಶ್ನೆ: ಜಮೀನಿನ ಹಳೆಯ ಪತ್ರದಲ್ಲಿ ನಮ್ಮ ದೊಡ್ಡಜ್ಜ 'ಡೈಡ್ ಇಶ್ಯೂಲೆಸ್' ಎಂದಿದೆ. ಸಮಸ್ಯೆ ಇಲ್ಲದೆ ತೀರಿಕೊಂಡರು ಎಂದೇ?
– ಓದುಗರು, ತುಮಕೂರು

ಉತ್ತರ: ಅಲ್ಲ, ಮಕ್ಕಳಿಲ್ಲದೆ ತೀರಿಕೊಂಡರು ಎಂದು. ಕಾನೂನಿನ ಭಾಷೆಯಲ್ಲಿ ಇಶ್ಯೂ ಎಂದರೆ ಸಂತಾನ. ಒಂದೇ ಪದಕ್ಕೆ ಹಲವು ಅರ್ಥ ಇದ್ದಾಗ ನಿಘಂಟು ಸಾಮಾನ್ಯವಾಗಿ ಹೆಚ್ಚು ಬಳಕೆಯಲ್ಲಿರುವುದನ್ನು ಮೊದಲು ಕೊಡುತ್ತದೆ. ಇಂಥವು ಕೆಳಗೆ, 'ಲಾ' ಎಂಬ ಗುರುತಿನೊಂದಿಗೆ ಇರುತ್ತವೆ. ಕೋರ್ಟು, ಜಮೀನಿನ ಕಾಗದ ಓದುವಾಗ ಆ ಗುರುತು ಇರುವ ಅರ್ಥವನ್ನೇ ಮೊದಲು ಹುಡುಕಿ. ವಂಶವೃಕ್ಷ ಮಾಡಿಸುವಾಗ ಈ ಪದ ಹಕ್ಕಿನ ಪ್ರಶ್ನೆಗೂ ಸಂಬಂಧಿಸುತ್ತದೆ. ಆದ್ದರಿಂದ ಪತ್ರವನ್ನು ಒಮ್ಮೆ ವಕೀಲರಿಗೂ ತೋರಿಸಿ.