ಪ್ರತಿಕ್ರಿಯೆ: ಒಂದು ತುದಿ ಸೂಜಿ, ಇನ್ನೊಂದು ತುದಿ ಚಾಕು ಇರುವ ಕಬ್ಬಿಣದ ಕಡ್ಡಿ

ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ, ಒಂದು ತುದಿ ಸೂಜಿ, ಇನ್ನೊಂದು ತುದಿ ಚಾಕು ಇರುವ ಕಬ್ಬಿಣದ ಕಡ್ಡಿ ಏನು ಅಂತ ಕೇಳಿದ್ದೀರಿ. ಅದು ಬಹುಶಃ ಕಂಟ. ಅಂದರೆ ತಾಳೆಗರಿ ಮೇಲೆ ಬರೆಯುವ ಲೇಖನಿ. ನೀವು ಹೇಳಿದ ಗೇಣುದ್ದ, ಮಡಚುವ ಸಣ್ಣ ಅಲಗು ಎರಡೂ ಅದಕ್ಕೆ ಹೊಂದುತ್ತವೆ. ಅಲಗು ಗರಿಯ ಅಂಚು ಕತ್ತರಿಸಲು, ಮೊನೆ ಬರೆಯಲು.

ಫೋಟೋ ಇಲ್ಲದೆ ಖಚಿತವಾಗಿ ಹೇಳಲಾರೆ, ಹಾಗಾಗಿ ಮೊದಲು ಮೊನೆ ನೋಡಿ. ಕಂಟದ ಮೊನೆ ಸೂಜಿಯಂತೆ ದುಂಡಗೆ ಚೂಪಾಗಿರುತ್ತದೆ. ದಾರ ಪೋಣಿಸುವ ಕಣ್ಣಿದ್ದರೆ ಅದು ಗೋಣಿಚೀಲ ಹೊಲಿಯುವ ದಬ್ಬಳ. ಮೊನೆ ಚಪ್ಪಟೆಯಾಗಿದ್ದರೆ ಅಕ್ಕಸಾಲಿಗರ ಉಳಿ ಇರಬಹುದು. ಆದರೆ ಉಳಿಗೆ ಮಡಚುವ ಅಲಗು ಯಾಕೆ ಬೇಕು, ಅಲ್ವಾ?

ಆಮೇಲೆ ಒಣಗಿದ ತಾಳೆಗರಿ ಸಿಕ್ಕರೆ ಹಗುರವಾಗಿ ಒಂದೆರಡು ಅಕ್ಷರ ಕೊರೆಯಿರಿ. ಗೀರು ಮೊದಲು ಸರಿಯಾಗಿ ಕಾಣುವುದಿಲ್ಲ. ಗಾಬರಿ ಬೇಡ, ಕಂಟದಲ್ಲಿ ಶಾಯಿ ಇರುವುದಿಲ್ಲ. ದೀಪದ ಮಸಿಗೆ ಎಣ್ಣೆ ಸೇರಿಸಿ ಸವರಿ, ಬಟ್ಟೆಯಿಂದ ಒರೆಸಿ. ಗರಿ ಹರಿಯದೆ ಅಕ್ಷರ ಕಪ್ಪಗೆ ಎದ್ದರೆ ಅನುಮಾನ ಬಹುಪಾಲು ತೀರಿತು.

ತುಕ್ಕು ಹಿಡಿದಿದ್ದರೂ ಸ್ಯಾಂಡ್‌ಪೇಪರ್, ಹುಣಸೆಹಣ್ಣು ಮಾತ್ರ ಮುಟ್ಟಿಸಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಒಂದು ಹನಿ ಮೆಷಿನ್ ಎಣ್ಣೆ ಸವರಿ, ಸಾಕು. ಅಲಗು ಬಿಗಿಯಾಗಿದ್ದರೆ ಬಲವಂತ ಮಾಡಬೇಡಿ, ಕೀಲು ಮುರಿಯುತ್ತದೆ.

ಅದೇ ಪೆಟ್ಟಿಗೆಯಲ್ಲಿ ತೂತು ಹಾಕಿದ ಉದ್ದನೆ ಗರಿಗಳೋ ಮರದ ಪಟ್ಟಿಗಳೋ ಇವೆಯಾ ಹುಡುಕಿ. ಅವು ಹಳೆಯ ತಾಳೆಗರಿ ಹಸ್ತಪ್ರತಿಯ ಭಾಗ ಇರಬಹುದು. ಸಿಕ್ಕರೆ ಸುಮ್ನೆ ಬಿಡಿಸಲು ಹೋಗದೆ, ಕಂಟದ ಜೊತೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತೋರಿಸಿ. 1891ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ತಾಳೆಗರಿ ಕಟ್ಟುಗಳ ದೊಡ್ಡ ಸಂಗ್ರಹವೇ ಇದೆ.