ಎಣಿಸುವ ಹೊತ್ತು, ತುಂಬುವ ಹೊತ್ತು

ಆತ್ಮೀಯ ಸಹೋದರಿಯವರಿಗೆ ನಮಸ್ಕಾರಗಳು.

ಧಾರವಾಡದಿಂದ ನೀವು ಬರೆದ ಪತ್ರ ಏಪ್ರಿಲ್ ಕೊನೆಯಲ್ಲಿ ಕೈಸೇರಿತು. ಅದನ್ನು ಪೂರ್ತಿ ಅಚ್ಚು ಮಾಡಬಾರದೆಂದು ನೀವು ಕೇಳಿಕೊಂಡಿರುವುದರಿಂದ ಉಳಿದ ಓದುಗರ ತಿಳಿವಿಗಾಗಿ ಅದರ ಸಾರವನ್ನಷ್ಟೇ ಹೇಳುತ್ತೇನೆ. ನಿಮ್ಮದು ಮಾವನವರ ತಂದೆಯ ಕಾಲದ ಹಂಚಿನ ಮನೆ, ಕಳೆದ ಮಳೆಗಾಲದಲ್ಲಿ ಮೂರು ಕಡೆ ಸೋರಿದೆ. ಗೌಂಡಿ ಒಂದು ದಿನ ಬಂದರೆ ನಾಲ್ಕು ದಿನ ಬರುವುದಿಲ್ಲ. ಮಂಡಿಯ ಶಸ್ತ್ರಚಿಕಿತ್ಸೆಯಾದ ಅತ್ತೆಯವರು ಪಡಸಾಲೆಯ ಮಂಚದಲ್ಲಿದ್ದಾರೆ, ನಾದಿನಿ ಚೊಚ್ಚಲ ಹೆರಿಗೆಗೆ ಬರುವವರಿದ್ದಾರೆ. ಇವೆಲ್ಲದರ ನಡುವೆ, ಜೂನ್ ಕೊನೆಯ ಮದುವೆಯೊಂದಕ್ಕೆ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಸೆರಗಿಗೆ ಕಸೂತಿ ಹಾಕಿಕೊಡಲು ನೀವು ಮುಂಗಡ ಪಡೆದಿದ್ದೀರಿ. ರಾತ್ರಿ ಹತ್ತರ ಮೇಲೆ ಕುಳಿತು ಹಾಕಿದ ತೇರಿನ ಚಿತ್ತಾರವನ್ನು ಎಣಿಕೆ ತಪ್ಪಿದ್ದಕ್ಕೆ ಎರಡು ಸಲ ಬಿಚ್ಚಿದ್ದೀರಿ. ಕೊನೆಯಲ್ಲಿ, "ಮನೆ ಒಂದು ಹದಕ್ಕೆ ಬರುವವರೆಗೆ ಕಸೂತಿಯನ್ನು ಬಿಟ್ಟುಬಿಡಲೇ?" ಎಂದು ಕೇಳಿದ್ದೀರಿ.

ಬಿಡಬೇಡಿರಿ. ಮನೆ ಒಂದು ಹದಕ್ಕೆ ಬರುವ ದಿನವೆಂಬುದು ನನ್ನ ತಿಳಿವಿನಲ್ಲಿ ಯಾರ ಮನೆಯಲ್ಲಿಯೂ ಬಂದಿಲ್ಲ, ಅದಕ್ಕಾಗಿ ಕಾದು ಸೂಜಿಯನ್ನು ಪೆಟ್ಟಿಗೆಯಲ್ಲಿಟ್ಟ ಹೆಣ್ಣುಮಕ್ಕಳು ಅದನ್ನು ಮತ್ತೆ ತೆಗೆದದ್ದನ್ನು ಕಂಡದ್ದೂ ಕಡಿಮೆ. ಆದರೆ ಈಗ ನಡೆದಿರುವಂತೆಯೇ ಮುಂದುವರಿಸಿರಿ ಎಂದೂ ನಾನು ಹೇಳಲಾರೆ. ಎಲ್ಲರ ಕೆಲಸ ಮುಗಿದ ಮೇಲೆ ಉಳಿದ ಹೊತ್ತನ್ನು, ಅದೂ ದಣಿದ ಕಣ್ಣಿನ ಹೊತ್ತನ್ನು, ನೀವು ಕಸೂತಿಗೆ ಕೊಡುತ್ತಿದ್ದೀರಿ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕಬೇಕಾದ ಈ ಕಲೆ ಅಂಥ ಹೊತ್ತನ್ನು ಒಪ್ಪುವುದಿಲ್ಲ. ಗೆರೆ ಬರೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ. ಒಂದೇ ಒಂದು ಎಳೆ ತಪ್ಪಿದರೂ ತೇರಿನ ಗಾಲಿ ಕೂಡಿಕೊಳ್ಳುವುದಿಲ್ಲವೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆದರೆ ಇದೇ ಕಸೂತಿಯೊಳಗೆ ನಿಮ್ಮ ತೊಡಕಿಗೆ ಒಂದು ದಾರಿಯೂ ಇದೆ ಎಂದು ನನಗೆ ತೋರುತ್ತದೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ನಿಮ್ಮ ತೇರು ಮತ್ತು ಗೋಪುರಗಳ ಗೆರೆಗಳೆಲ್ಲ ಗವಂತಿಯವು. ಗವಂತಿಯಲ್ಲಿ ಸೂಜಿ ಒಂದೇ ದಾರಿಯಲ್ಲಿ ಎರಡು ಸಲ ನಡೆಯುತ್ತದೆ: ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ, ಬರುವಾಗ ಬಿಟ್ಟ ಜಾಗಗಳು ತುಂಬಿಕೊಂಡು ಬಟ್ಟೆಯ ಎರಡೂ ಮೈ ಒಂದೇ ತೆರನಾಗಿ ಕಾಣುತ್ತವೆ. ಎಣಿಕೆಯೂ, ಎಲ್ಲಿ ಕವಲೊಡೆದು ಎಲ್ಲಿ ಹಿಂದಿರುಗಬೇಕೆಂಬ ಲೆಕ್ಕಾಚಾರವೂ ಹೋಗುವ ದಾರಿಯಲ್ಲಿಯೇ ಮುಗಿದಿರುತ್ತದೆ. ಬರುವ ದಾರಿಯಲ್ಲಿ ಖಾಲಿ ಜಾಗವೇ ಕಣ್ಣಿಗೆ ಕಾಣುವುದರಿಂದ ಮಾತನಾಡುತ್ತಲೂ ಹಾಕಬಹುದು, ನಡುವೆ ಎದ್ದು ಹೋಗಿ ಬಂದರೂ ಕೆಡುವುದಿಲ್ಲ. ಆದ್ದರಿಂದ ದಿನದಲ್ಲಿ ಒಂದೇ ಒಂದು ಗಂಟೆ, ಬೆಳಗಿನ ಬೆಳಕಿನಲ್ಲಿ, ಹೋಗುವ ದಾರಿಗೆಂದು ಮೀಸಲಿಡಿರಿ; ಆ ಹೊತ್ತಿನಲ್ಲಿ ಚಹಾ, ಔಷಧ, ಗೌಂಡಿಯ ಫೋನು ಎಲ್ಲವನ್ನೂ ನಿಮ್ಮ ಯಜಮಾನರು ನೋಡಿಕೊಳ್ಳಲಿ. ಅವರು ಹುಬ್ಬಳ್ಳಿಯ ಕಚೇರಿಗೆ ಹೊರಡುವುದು ಒಂಬತ್ತಕ್ಕೆಂದು ನೀವೇ ಬರೆದಿದ್ದೀರಿ, ಹಾಗಾಗಿ ಏಳರಿಂದ ಎಂಟರವರೆಗಿನ ಹೊತ್ತನ್ನು ಅವರಲ್ಲಿ ಕೇಳಿ ಪಡೆಯುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಅತ್ತೆಯವರ ಬಳಿ ಕೂರುವ ಹೊತ್ತು, ಕೆಲಸದವರನ್ನು ಕಾಯುವ ಹೊತ್ತು ಮುಂತಾದ ತುಂಡು ಹೊತ್ತುಗಳೆಲ್ಲ ಬರುವ ದಾರಿಗೆ ಸಲ್ಲಲಿ. ಮೆಂತೆ ಹಾಕಿ ತುಂಬಬೇಕಾದ ಕಡೆಗಳನ್ನು ಸುತ್ತಲಿನ ಗೆರೆ ಮುಗಿದ ಮೇಲೆ ಇಟ್ಟುಕೊಳ್ಳಿರಿ. ರಾತ್ರಿ ಹತ್ತರ ಮೇಲೆ ಮಾತ್ರ ಕಪ್ಪು ಬಟ್ಟೆಯನ್ನು ಮುಟ್ಟಲೇಬೇಡಿರಿ.

ಮನೆಯ ರಿಪೇರಿಯನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತೇನೆ. ನೀವು ಬರೆದ ಹತ್ತು ಕೆಲಸಗಳಲ್ಲಿ ಕಾಯಲಾರದ್ದು ಒಂದೇ, ಅದು ಚಾವಣಿ. ಮಿರಗದ (ಮೃಗಶಿರ) ಮಳೆ ಕೂಡುವುದು ಜೂನ್ 7 ಅಥವಾ 8ಕ್ಕೆ. ಅದಕ್ಕೆ ಮೊದಲು, ಸಾಧ್ಯವಾದರೆ ಮೇ 25ರ ಸುಮಾರಿಗೆ ರೋಹಿಣಿ ಕೂಡುವ ಮುನ್ನವೇ, ಹಂಚು ಕೈಯಾಡಿಸುವುದು ಮುಗಿಯಬೇಕು. ಒಡೆದ ಹಂಚಿಗೆ ಹೊಸದನ್ನು ತರುವಾಗ ಹಳೆಯದೊಂದನ್ನು ಜೊತೆಗೆ ಒಯ್ಯಿರಿ, ಏಕೆಂದರೆ ಒಂದೊಂದು ಕಾರ್ಖಾನೆಯ ಹಂಚಿನ ಅಳತೆಯೂ ಕಚ್ಚೂ ಬೇರೆಯಾಗಿದ್ದು, ಸರಿಯಾಗಿ ಕೂರದ ಹಂಚು ಮತ್ತೆ ಸೋರುತ್ತದೆ. ಹಂಚು ಇಳಿಸಿದಾಗಲೇ ರೀಪುಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ನೋಡಿಸಿರಿ. ಆ ದಿನಗಳಲ್ಲಿ ಹಳೆಯ ಮಸಿಯೂ ಧೂಳೂ ಮನೆಯ ತುಂಬ ಉದುರುವುದರಿಂದ ಸೀರೆಯನ್ನು ಬಿಳಿಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಡಿರಿ. ಆ ಎರಡು ಮೂರು ದಿನ ಕಸೂತಿಗೆ ರಜೆ ಎಂದೇ ತಿಳಿಯಿರಿ.

ಗೋಡೆಯ ಮಾತಿಗೆ ಬಂದರೆ, ಮಳೆಗಾಲದ ಮುಂಚೆಯೇ ಬಣ್ಣ ಹೊಡೆಸಬೇಕೆಂಬ ಆತುರ ಬೇಡ. ಒಳಗೆ ತೇವ ಉಳಿದ ಗೋಡೆಗೆ ಬಳಿದ ಬಣ್ಣ ಹೊಪ್ಪಳಿಕೆಯಾಗಿ ಏಳುತ್ತದೆ. ಚಾವಣಿಯ ಸೋರಿಕೆ ನಿಂತು, ಗೋಡೆ ಒಣಗಿ, ದಸರೆ ಕಳೆದ ಮೇಲೆ ಆ ಕೆಲಸ ನಡೆಯಲಿ. ಗೌಂಡಿ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡೋಣ ಎನ್ನುತ್ತಿದ್ದಾರೆಂದು ಬರೆದಿದ್ದೀರಿ. ದಯವಿಟ್ಟು ಒಪ್ಪಬೇಡಿರಿ. ಮಣ್ಣಿನ ಗೋಡೆ ನೆಲದಿಂದಲೂ ಗಾಳಿಯಿಂದಲೂ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚಿದರೆ ತೇವ ಒಳಗೇ ನಿಂತು, ಕೆಲವು ವರ್ಷಗಳಲ್ಲಿ ಗಿಲಾವು ಗೋಡೆಯ ಮಣ್ಣನ್ನೂ ಎಳೆದುಕೊಂಡು ಬೀಳುತ್ತದೆ. ಹಳೆಯವರಂತೆ ಮಣ್ಣಿನದೋ ಸುಣ್ಣದ ಗಾರೆಯದೋ ಗಿಲಾವು ಮಾಡಿಸಿ ಮೇಲೆ ಸುಣ್ಣ ಹೊಡೆಸಿದರೆ ಸಾಕು.

ಇನ್ನು ಹಣದ ವಿಷಯ. ಸೆರಗಿನ ಕೆಲಸಕ್ಕೆ ನೀವು ಹೇಳಿದ ಬೆಲೆಯನ್ನು ಓದಿ ನನಗೆ ನೋವಾಯಿತು. ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು, ಊರ ಹೆಸರಿಗೆ ಮನ್ನಣೆ ಬಂದಿತು. ಆದರೆ ಒಬ್ಬ ಹೆಣ್ಣುಮಗಳು ಕಣ್ಣಿಟ್ಟು ಎಣಿಸಿದ ಗಂಟೆಗಳಿಗೆ ಬೆಲೆ ಕಟ್ಟಬೇಕಾದವಳು ಅವಳೇ. ಈ ಸೀರೆಗೆ ಹಿಡಿದ ಹೊತ್ತನ್ನು ದಿನವೂ ಒಂದು ವಹಿಯಲ್ಲಿ ಬರೆದಿಡಿರಿ, ಮುಂದಿನ ಕೆಲಸದ ಬೆಲೆಯನ್ನು ಅದನ್ನು ನೋಡಿಯೇ ಹೇಳಿರಿ. ಮದುವೆಯ ಮನೆಯವರಿಗೆ ಈ ವಾರವೇ ಫೋನು ಮಾಡಿ, ಸೆರಗಿನ ತೇರು ಗೋಪುರಗಳು ಹೇಳಿದ ದಿನಕ್ಕೆ ಸಿದ್ಧವಾಗುತ್ತವೆ, ಒಡಲಿನ ಚಿಕ್ಕ ಬುಟ್ಟಾಗಳನ್ನು ಕಡಿಮೆ ಮಾಡಬೇಕಾಗಬಹುದು ಎಂದು ತಿಳಿಸಿರಿ. ಮುಂಚೆಯೇ ಹೇಳಿದರೆ ಅವರಿಗೂ ಯೋಚಿಸಲು ಅವಕಾಶವಿರುತ್ತದೆ.

ಪತ್ರದ ಅಂಚಿನಲ್ಲಿ ನೀವು ಸಣ್ಣ ಅಕ್ಷರದಲ್ಲಿ ಇನ್ನೊಂದು ಪ್ರಶ್ನೆ ಬರೆದಿದ್ದೀರಿ: ನಾದಿನಿಯ ಮಗುವಿಗೆ ತಲೆಗೆ ಕಟ್ಟುವ ಕುಂಚಿಗೆ ಮಾಡುವ ಆಸೆಯಿದೆ, ಅದಕ್ಕೆ ಹೊತ್ತೆಲ್ಲಿ ಎಂದು. ಅತ್ತೆಯವರು ತಮ್ಮ ಮದುವೆಯ ಚಂದ್ರಕಾಳಿಗೆ ತಾವೇ ಕಸೂತಿ ಹಾಕಿಕೊಂಡಿದ್ದರೆಂದು ನೀವು ಅದೇ ಪತ್ರದ ಎರಡನೆಯ ಪುಟದಲ್ಲಿ ಬರೆದಿದ್ದೀರಿ. ಮಾರಾಟದ ಸೀರೆಯಲ್ಲಿ ಎರಡು ಕೈ ಕೂಡಬಾರದು, ದಾರ ಎಳೆಯುವ ಬಿಗಿ ಒಬ್ಬೊಬ್ಬರದು ಒಂದೊಂದು ಬಗೆ. ಆದರೆ ಕುಂಚಿಗೆಗೆ ಆ ಕಟ್ಟುಪಾಡು ಇಲ್ಲ. ಎಳೆ ದಪ್ಪವಿರುವ ಬಟ್ಟೆಯನ್ನು ಆರಿಸಿ, ತೊಟ್ಟಿಲಿನ ಚಿತ್ತಾರದ ಹೋಗುವ ದಾರಿಯನ್ನು ನೀವು ಹಾಕಿಕೊಡಿರಿ. ಬರುವ ದಾರಿಯನ್ನು ಅತ್ತೆಯವರು ಮಂಚದ ಮೇಲೆ ಕುಳಿತೇ ತುಂಬಲಿ.